ನಾಡಿಯ ಮೂಲ ಮತ್ತು ಒಂದು ಬೇಸಗೆಯ ಬಿಡುವು

ವರ್ಷಾಂತ್ಯದ ಪರೀಕ್ಷೆಗಳನ್ನು ಮುಗಿಸಿದ ವೈದ್ಯವಿದ್ಯಾರ್ಥಿಗೆ ದೊರೆಯುವ ಬಿಡುವು ಬಹುಮಟ್ಟಿಗೆ ನಿದ್ರೆಯಲ್ಲಿಯೂ ಬಂಧುಗಳ ಮನೆಯ ಊಟದಲ್ಲಿಯೂ ಕಳೆದುಹೋಗುವುದುಂಟು; ತಿಂಗಳುಗಟ್ಟಲೆ ಎಲುಬು, ನರ, ಸ್ನಾಯುಗಳ ಹೆಸರುಗಳನ್ನು ಉರುಹೊಡೆದು ದಣಿದ ಮನಸ್ಸಿಗೆ ಅದು ಸಲ್ಲತಕ್ಕದ್ದೇ. ಆದರೆ ಪ್ರಶ್ನೆ ಕೇಳುವ ಪರೀಕ್ಷಕನಿಲ್ಲದ ಅಂಥ ದಿನಗಳನ್ನು ಸೂಕ್ಷ್ಮದರ್ಶಕದ ಮುಂದೆ ಕಳೆದ ವಿದ್ಯಾರ್ಥಿಯೊಬ್ಬನ ಕಣ್ಣಿಗೆ, ನಾವು ಗರ್ಭದಲ್ಲಿರುವಾಗಲೇ ಆರಂಭವಾಗಿ ಕೊನೆಯುಸಿರಿನವರೆಗೂ ನಡೆಯುವ ಎದೆಬಡಿತದ ಉಗಮಸ್ಥಾನವೇ ಗೋಚರಿಸಿತೆಂಬುದನ್ನು ನಮ್ಮ ಯುವಕರು ಅವಶ್ಯವಾಗಿ ತಿಳಿದಿರಬೇಕು.

ಆತನ ಹೆಸರು ಮಾರ್ಟಿನ್ ಫ್ಲ್ಯಾಕ್. ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ 1882ರಲ್ಲಿ ಹುಟ್ಟಿದವನು. ಲಂಡನ್ ಆಸ್ಪತ್ರೆಯ ವೈದ್ಯಶಾಲೆಯಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಆರ್ಥರ್ ಕೀತ್ ಅದೇ ಸೀಮೆಯ ಬ್ರೆಡ್‌ಗಾರ್ ಎಂಬ ಹಳ್ಳಿಯಲ್ಲಿ ಒಂದು ಮನೆಯನ್ನು ಹೊಂದಿದ್ದರು. 1906ರ ಬೇಸಗೆಯಲ್ಲಿ ಗುರುಶಿಷ್ಯರಿಬ್ಬರೂ ಅಲ್ಲಿಯೇ ಹೃದಯದ ಅಧ್ಯಯನದಲ್ಲಿ ತೊಡಗಿದರು.

ಅವರ ಮುಂದಿದ್ದ ಸಮಸ್ಯೆ ಹಳೆಯದು. ಕಪ್ಪೆಯ ಹೃದಯವನ್ನು ದೇಹದಿಂದ ಬೇರ್ಪಡಿಸಿ ಉಪ್ಪುನೀರಿನಲ್ಲಿಟ್ಟರೂ ಅದು ಮಿಡಿಯುತ್ತಲೇ ಇರುವುದನ್ನು ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಓದಿದ ಹಿರಿಯ ವೈದ್ಯರೆಲ್ಲರೂ ಕಂಡಿದ್ದಾರೆ. ಮಿದುಳಿನ ಆಜ್ಞೆಯಿಲ್ಲದೆಯೂ ನಡೆಯುವ ಈ ಬಡಿತಕ್ಕೆ ಪ್ರೇರಣೆ ಹೃದಯದೊಳಗೇ ಎಲ್ಲಿಯೋ ಇರಬೇಕಷ್ಟೆ. ಕಪ್ಪೆಯಲ್ಲಿ, ಸಿರೆಗಳು ತರುವ ರಕ್ತವನ್ನು ಮೊದಲು ಬರಮಾಡಿಕೊಳ್ಳುವ ಸಿರಾಕೋಶವೆಂಬ ಪ್ರತ್ಯೇಕ ಅಂಕಣವೊಂದಿದೆ. ಅದಕ್ಕೂ ಹೃತ್ಕರ್ಣಕ್ಕೂ ನಡುವೆ ದಾರವನ್ನು ಬಿಗಿದರೆ ಸಿರಾಕೋಶ ಮಿಡಿಯುತ್ತಲೇ ಇದ್ದು ಉಳಿದ ಹೃದಯ ಸ್ತಬ್ಧವಾಗುವುದೆಂದು ಜರ್ಮನಿಯ ಸ್ಟ್ಯಾನಿಯಸ್ 1852ರಲ್ಲಿಯೇ ತೋರಿಸಿದ್ದನು. ಆದರೆ ಸಸ್ತನಿಗಳ ಹೃದಯದಲ್ಲಿ ಅಂಥ ಬೇರೆ ಅಂಕಣವಿಲ್ಲ. ಹಾಗಾದರೆ ಜೀವವಿಕಾಸದ ದೀರ್ಘಪಥದಲ್ಲಿ ಅದರ ಅವಶೇಷ ಎಲ್ಲಿ ಅಡಗಿತು? ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಪ್ರೇರಣೆಯನ್ನು ಒಯ್ಯುವ ತಂತುಗಳ ಗಂಟೊಂದನ್ನು ಜಪಾನಿನ ಸುನಾವೊ ತವಾರ ಜರ್ಮನಿಯಲ್ಲಿದ್ದುಕೊಂಡು ಅದೇ ವರ್ಷ ವಿವರಿಸಿದ್ದನು. ದಾರಿ ಸಿಕ್ಕಿತ್ತು, ಹೊರಡುವ ಸ್ಥಳ ಮಾತ್ರ ಸಿಕ್ಕಿರಲಿಲ್ಲ.

ಒಂದು ದಿನ ಕೀತ್ ದಂಪತಿಗಳು ಚೆರಿತೋಟಗಳ ನಡುವೆ ಸೈಕಲ್ ಸವಾರಿಗೆ ಹೋಗಿದ್ದಾಗ ಫ್ಲ್ಯಾಕ್ ಮನೆಯಲ್ಲಿಯೇ ಉಳಿದು, ನೆಲದೊಳಗೆ ಬಿಲ ತೋಡಿ ಹುಳುಗಳನ್ನು ತಿಂದು ಬದುಕುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯದ ತೆಳುಸೀಳುಗಳನ್ನು ಪರೀಕ್ಷಿಸುತ್ತಿದ್ದನು. ಊರ್ಧ್ವ ಮಹಾಸಿರೆ ಬಲ ಹೃತ್ಕರ್ಣವನ್ನು ಸೇರುವ ಸಂಧಿಯಲ್ಲಿ, ಸುತ್ತಲಿನ ಸ್ನಾಯುವಿಗಿಂತ ಸಪೂರವೂ ಪೇಲವವೂ ಆದ ನಾರುಗಳು ಒತ್ತಾದ ಸಂಯೋಜಕ ಊತಕದಲ್ಲಿ ಹೆಣೆದುಕೊಂಡು, ನಡುವೆ ತಮ್ಮದೇ ಆದ ಧಮನಿಯೊಂದನ್ನು ಇಟ್ಟುಕೊಂಡಿದ್ದುದನ್ನು ಆತ ಕಂಡನು. ತವಾರನ ಗಂಟಿಗೂ ಇದಕ್ಕೂ ಇದ್ದ ಹೋಲಿಕೆ ಸ್ಪಷ್ಟವಾಗಿತ್ತು. ಹಿಂದಿರುಗಿದ ಗುರುವಿಗೆ ಆತ ಹಿಗ್ಗಿನಿಂದ ಅದನ್ನು ತೋರಿಸಿದನು. ಅನಂತರ ಇತರ ಸಸ್ತನಿಗಳ ಹೃದಯಗಳಲ್ಲಿಯೂ ಮನುಷ್ಯನ ಹೃದಯದಲ್ಲಿಯೂ ಅದೇ ಸ್ಥಳದಲ್ಲಿ ಅದೇ ರಚನೆ ದೊರೆಯಲು, ಇಬ್ಬರೂ 1907ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಬಡಿತದ ವಿದ್ಯುತ್ಪ್ರೇರಣೆ ನಿಜವಾಗಿಯೂ ಅಲ್ಲಿಂದಲೇ ಹೊರಡುವುದೆಂದು 1910ರಲ್ಲಿ ಥಾಮಸ್ ಲೂಯಿಸ್ ಮೊದಲಾದವರು ಮಾಪಕಗಳಿಂದ ಸಿದ್ಧಪಡಿಸಿದರು.

ಒಂದೆರಡು ಸೆಂಟಿಮೀಟರಿಗಿಂತ ಉದ್ದವಿಲ್ಲದ ಆ ಗಂಟಿನ ಜೀವಕೋಶಗಳಿಗೆ ವಿಶ್ರಾಂತಿಯೆಂಬುದಿಲ್ಲ. ಅವುಗಳ ಪೊರೆಯ ಮೂಲಕ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಮೆಲ್ಲಮೆಲ್ಲನೆ ಒಳಸರಿಯುತ್ತ ವಿದ್ಯುದ್ವಿಭವವನ್ನು ಏರಿಸಿ, ಅದು ಒಂದು ಮಿತಿಯನ್ನು ಮುಟ್ಟಿದೊಡನೆ ಸ್ಪಂದನವೊಂದು ಸಿಡಿದು ಹೃದಯದುದ್ದಕ್ಕೂ ಹರಡುತ್ತದೆ. ತನ್ನಷ್ಟಕ್ಕೇ ಬಿಟ್ಟರೆ ಅದು ನಿಮಿಷಕ್ಕೆ ಸುಮಾರು 100 ಬಾರಿ ಮಿಡಿಯುವುದು. ಎದೆಗಿಳಿದು ಬರುವ ವೇಗಸ್ ನರ ಅದನ್ನು ಸಂಯಮಿಸಿ 70ರ ಆಸುಪಾಸಿಗೆ ಇಳಿಸುತ್ತದೆ. ಬೇರೊಬ್ಬರ ಹೃದಯವನ್ನು ಕಸಿಮಾಡಿಸಿಕೊಂಡವರಲ್ಲಿ, ಆ ನರದ ಸಂಬಂಧ ಕಡಿದುಹೋಗಿರುವುದರಿಂದಲೇ, ಸುಮ್ಮನೆ ಕುಳಿತಾಗಲೂ ನಾಡಿ ವೇಗವಾಗಿರುತ್ತದೆ. ಗಂಟು ಬಳಲಿ ಕೈಕೊಟ್ಟಾಗ ಅದರ ಕೆಲಸವನ್ನು ಮಾಡಬಲ್ಲ ಪೇಸ್‌ಮೇಕರ್ ಯಂತ್ರವನ್ನು 1958ರಲ್ಲಿ ಸ್ಟಾಕ್‌ಹೋಮಿನಲ್ಲಿ ಮೊತ್ತಮೊದಲು ಮನುಷ್ಯದೇಹದೊಳಗೆ ಇರಿಸಲಾಯಿತು. ಇಂದು ನಮ್ಮ ಜಿಲ್ಲೆಗಳ ಎಷ್ಟೋ ಮಂದಿ ವೃದ್ಧರು ಅದರ ಬಲದಿಂದ ಮನೆಯಂಗಳದಲ್ಲಿ ನಡೆದಾಡುತ್ತಿದ್ದಾರೆ.

ಫ್ಲ್ಯಾಕ್ ಅದನ್ನು ಕಾಣಲಿಲ್ಲ. ಬ್ರಿಟಿಷ್ ವಾಯುಸೇನೆಯಲ್ಲಿ ವೈದ್ಯಕೀಯ ಸಂಶೋಧನೆಯ ನಿರ್ದೇಶಕನಾಗಿ, ವಿಮಾನಚಾಲಕರ ಉಸಿರಿನ ಬಲವನ್ನು ಅಳೆಯುವ ಪರೀಕ್ಷೆಗಳನ್ನು ರೂಪಿಸಿ, 1931ರಲ್ಲಿ ಆತ ತೀರಿಕೊಂಡನು.

ಆತನ ಪ್ರತಿಭೆ ದೊಡ್ಡದು, ನಿಜ; ಆದರೆ ಬಿಡುವಿನ ದಿನಗಳಲ್ಲಿ ಆತನಿಗೆ ಸೂಕ್ಷ್ಮದರ್ಶಕವೊಂದು ಕೈಗೆಟುಕುವಂತಿತ್ತು, ಮನೆಯ ಬಾಗಿಲು ತೆರೆದಿಟ್ಟ ಗುರುವಿದ್ದನು ಎಂಬುದು ಅದಕ್ಕಿಂತ ಕಡಮೆಯದಲ್ಲವೆಂದು ನಾನು ನಂಬುತ್ತೇನೆ. ನಮ್ಮ ವೈದ್ಯಕೀಯ ಕಾಲೇಜುಗಳ ಅಧ್ಯಾಪಕರಲ್ಲಿ ಆದ್ದರಿಂದ ಒಂದು ಬಿನ್ನಹ: ರಜೆ ಬಂದೊಡನೆ ಪ್ರಯೋಗಶಾಲೆಗಳಿಗೆ ಬೀಗ ಹಾಕಿಸಬೇಡಿ, ಬರುವೆನೆಂಬ ವಿದ್ಯಾರ್ಥಿಗೆ ಒಂದು ಸೂಕ್ಷ್ಮದರ್ಶಕವನ್ನೂ ಒಂದು ಪೆಟ್ಟಿಗೆ ಗಾಜಿನ ಫಲಕಗಳನ್ನೂ ನಂಬಿ ಕೊಡಿ.