ವಿಚ್ಛೇದನ ಮತ್ತು ಮಧ್ಯಸ್ಥಿಕೆ: ಜೈನ ಕುಟುಂಬಗಳು ತಿಳಿದಿರಬೇಕಾದ ವಿಷಯಗಳು



ಸಮಾಜದ ಕೆಲಸಕ್ಕೆ ಓಡಾಡುವ ನಮ್ಮಂಥವರ ಹತ್ತಿರ ಈಗ ಹೆಣ್ಣು ಗಂಡು ಹುಡುಕಿಕೊಡಿ ಎಂದು ಬರುವವರ ಜೊತೆಗೆ, ಮದುವೆಯಾದ ಮಕ್ಕಳ ಜಗಳ ಬಗೆಹರಿಸಿಕೊಡಿ ಎಂದು ಬರುವ ತಂದೆ ತಾಯಿಯರೂ ಇದ್ದಾರೆ. ಅವರಲ್ಲಿ ಹಲವರಿಗೆ ಕಾನೂನಿನ ದಾರಿ ಗೊತ್ತಿರುವುದಿಲ್ಲ. ಅಂಥವರಿಗಾಗಿ ಈ ಬರಹ.

ನಮಗೆ ಯಾವ ಕಾನೂನು?

1955ರ ಹಿಂದೂ ವಿವಾಹ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಅದರ 2ನೇ ಕಲಮಿನಲ್ಲಿ ಬೌದ್ಧ, ಜೈನ, ಸಿಖ್ಖರ ಹೆಸರು ಸ್ಪಷ್ಟವಾಗಿದೆ. ಜನವರಿ 2014ರಲ್ಲಿ ಕೇಂದ್ರ ಸರ್ಕಾರ ನಮಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟ ಮೇಲೆ ಕೆಲವರಿಗೆ ಗೊಂದಲವಾಯಿತು. ಫೆಬ್ರವರಿ 2025ರಲ್ಲಿ ಇಂದೋರಿನ ಕೌಟುಂಬಿಕ ನ್ಯಾಯಾಲಯವೊಂದು, ಜೈನರು ಈ ಕಾಯ್ದೆಯಡಿ ವಿಚ್ಛೇದನ ಕೇಳುವಂತಿಲ್ಲ ಎಂದು ಜೈನ ದಂಪತಿಯ ಅರ್ಜಿಯನ್ನು ತಳ್ಳಿಹಾಕಿತು. ಮುಂದಿನ ತಿಂಗಳೇ ಮಧ್ಯಪ್ರದೇಶ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಅಲ್ಪಸಂಖ್ಯಾತ ಸ್ಥಾನ ಬಂದ ಮಾತ್ರಕ್ಕೆ ವಿವಾಹ ಕಾನೂನು ಬದಲಾಗುವುದಿಲ್ಲ ಎಂಬುದು ತೀರ್ಪಿನ ಸಾರ.

ಹಿರಿಯರ ಪಂಚಾಯಿತಿ ಸಾಕೇ?

ಮನೆಯ ಹಿರಿಯರು ಕೂತು ಬುದ್ಧಿ ಹೇಳುವುದು ಒಳ್ಳೆಯದೇ. ಎಷ್ಟೋ ಮನೆಗಳು ಹಾಗೆ ಉಳಿದಿವೆ. ಆದರೆ ಛಾಪಾ ಕಾಗದದ ಮೇಲೆ ಬರೆದು ಇಬ್ಬರ ಸಹಿ ಹಾಕಿಸಿದರೆ ವಿಚ್ಛೇದನ ಆಗಿಬಿಡುವುದಿಲ್ಲ. ರೂಢಿಯ ವಿಚ್ಛೇದನಕ್ಕೆ ಕಾಯ್ದೆಯಲ್ಲಿ ಜಾಗವಿದ್ದರೂ, ಅಂಥ ರೂಢಿ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಆ ಕಾಗದ ನಂಬಿ ಮರುಮದುವೆ ಮಾಡಿದರೆ, ಆ ಮದುವೆ ಅಸಿಂಧುವಾಗುವುದರ ಜೊತೆಗೆ ಶಿಕ್ಷೆಗೂ ಗುರಿಯಾಗಬಹುದು. ಎರಡನೇ ಮದುವೆಯ ಮಾತು ಬಂದಾಗ ಮೊದಲು ಕೋರ್ಟಿನ ಡಿಕ್ರಿ ಕೇಳಿ ನೋಡಿ.

ಮಧ್ಯಸ್ಥಿಕೆ ಕೇಂದ್ರದಲ್ಲಿ ಏನಾಗುತ್ತದೆ?

ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಪ್ರಯತ್ನಿಸಬೇಕೆಂದು 1984ರ ಕಾಯ್ದೆಯೇ ಹೇಳುತ್ತದೆ. ಇಂಥ ಪ್ರಕರಣಗಳನ್ನು ಮಧ್ಯಸ್ಥಿಕೆಗೆ ಕಳಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಸೂಚಿಸಿತು. ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೆಯುತ್ತಿದೆ. ಜಿಲ್ಲಾ ನ್ಯಾಯಾಲಯಗಳಲ್ಲೂ ಈ ವ್ಯವಸ್ಥೆ ಇದೆ.

ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ, ಯಾರದು ತಪ್ಪು ಎಂದು ತೂಗುವುದೂ ಇಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುತ್ತಾರೆ, ಬೇಕಾದರೆ ಬೇರೆ ಬೇರೆಯಾಗಿಯೂ ಕೇಳುತ್ತಾರೆ. ಅಲ್ಲಿ ಆಡಿದ ಮಾತು ಗೌಪ್ಯ, ಮುಂದೆ ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ. ಊರಲ್ಲಿ ಸುದ್ದಿಯಾಗುತ್ತದೆ ಎಂದು ಅಂಜುವ ನಮ್ಮ ಕುಟುಂಬಗಳಿಗೆ ಇದೇ ದೊಡ್ಡ ಸಮಾಧಾನ. ಒಪ್ಪಂದವಾದರೆ ಬರೆದು, ಸಹಿ ಹಾಕಿ, ಕೋರ್ಟಿಗೆ ಕಳಿಸುತ್ತಾರೆ. ಆಗದಿದ್ದರೆ ಪ್ರಕರಣ ಮೊದಲಿನಂತೆ ನಡೆಯುತ್ತದೆ. ಯಾರಿಗೂ ನಷ್ಟವಿಲ್ಲ.

ಮಧ್ಯಸ್ಥಿಕೆ ಎಂದರೆ ಮತ್ತೆ ಕೂಡಿ ಬಾಳಲೇಬೇಕು ಎಂದಲ್ಲ. ಗೌರವದಿಂದ ಬೇರೆಯಾಗುವುದೂ ಒಂದು ಇತ್ಯರ್ಥವೇ. ಒಂದು ವರ್ಷ ಬೇರೆಯಾಗಿದ್ದವರು ಪರಸ್ಪರ ಒಪ್ಪಿಗೆಯ ವಿಚ್ಛೇದನ ಕೇಳಬಹುದು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಆದರೆ ರಾಜಿ ಪ್ರಯತ್ನ ಮುಗಿದು, ಜೀವನಾಂಶ ಮತ್ತು ಮಕ್ಕಳ ವಿಷಯ ತೀರ್ಮಾನವಾಗಿದ್ದರೆ, ಸೂಕ್ತ ಪ್ರಕರಣಗಳಲ್ಲಿ ಈ ಅವಧಿಯನ್ನು ಬಿಟ್ಟುಕೊಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

ಹೋಗುವ ಮುಂಚೆ

ವ್ಯಾಪಾರಿಯಾಗಿ ಒಂದು ಮಾತು: ಲೆಕ್ಕ ಬರೆದಿಟ್ಟುಕೊಂಡು ಹೋಗಿ. ತವರಿನಿಂದ ಬಂದ ಒಡವೆ, ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಮಾಡಿ. ಸ್ತ್ರೀಧನ ಹೆಣ್ಣುಮಗಳ ಸ್ವಂತದ್ದು, ಗಂಡನಿಗಾಗಲಿ ಅತ್ತೆ ಮಾವನಿಗಾಗಲಿ ಅದರಲ್ಲಿ ಪಾಲಿಲ್ಲ. ಮಕ್ಕಳು ಯಾರ ಹತ್ತಿರ, ಶಾಲೆಯ ಫೀಸು ಯಾರದು, ರಜೆಯಲ್ಲಿ ಎಲ್ಲಿ, ಹಣ ಯಾವ ತಾರೀಖಿಗೆ, ಹಾಕಿರುವ ಕೇಸುಗಳನ್ನು ಯಾರು ಹಿಂಪಡೆಯಬೇಕು, ಎಲ್ಲವೂ ಒಪ್ಪಂದದಲ್ಲಿರಲಿ. "ಆಮೇಲೆ ನೋಡೋಣ" ಎಂದು ಬಿಟ್ಟದ್ದೇ ಮುಂದೆ ಹೊಸ ಜಗಳವಾಗುತ್ತದೆ.

ಓದಿ ಅರ್ಥವಾಗದೆ ಸಹಿ ಹಾಕಬೇಡಿ. ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಹಿರಿಯರಲ್ಲಿ ವಿನಂತಿ

ಹೊಡೆತ ಬಡಿತ ಇರುವ ಮನೆಗೆ "ಹೊಂದಿಕೊಂಡು ಹೋಗಮ್ಮ" ಎಂದು ಮಗಳನ್ನು ವಾಪಸು ಕಳಿಸಬೇಡಿ. ಮೊದಲು ಅವಳ ಸುರಕ್ಷತೆ, ರಾಜಿಯ ಮಾತು ನಂತರ. ಮಹಿಳಾ ಸಹಾಯವಾಣಿ 181, ತುರ್ತು ಸಂದರ್ಭಕ್ಕೆ 112. ಇರುವೆಗೂ ನೋವಾಗದಂತೆ ನಡೆಯಬೇಕೆನ್ನುವ ಧರ್ಮ ನಮ್ಮದು. ಮಗಳಾಗಲಿ ಸೊಸೆಯಾಗಲಿ, ಅವಳಿಗೂ ಆ ಅಹಿಂಸೆ ಸಲ್ಲಬೇಕು.

ನಿಮ್ಮ ಪ್ರಕರಣದ ವಿವರಗಳನ್ನು ವಕೀಲರ ಹತ್ತಿರ ಕೇಳಿ ತಿಳಿದುಕೊಳ್ಳಿ. ಈ ಮಾಹಿತಿ ಅಗತ್ಯವಿರುವ ಕುಟುಂಬಗಳಿಗೆ ದಯವಿಟ್ಟು ತಲುಪಿಸಿ.