ನಿಮಗಿದು ಗೊತ್ತೇ? – ನರ, ಮೆದುಳನ್ನು ಕಾಡುವ ಕಾಯಿಲೆಗಳು

ಅಂತರಘಟ್ಟಮ್ಮನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೊರಡುವವರಿಗೆ ಮುಳ್ಳು ಚುಚ್ಚುವುದು, ಲಾಳದ ಮೊಳೆ ತರಚುವುದು ಲೆಕ್ಕಕ್ಕೇ ಇಲ್ಲ. ಧನುರ್ವಾಯುವಿನ ರೋಗಾಣು ಅಡಗಿರುವುದು ಮಾತ್ರ ಮಣ್ಣು, ಸಗಣಿಯಲ್ಲೇ.

ಈ ರೋಗಾಣು ಗಾಯ ಬಿಟ್ಟು ಕದಲುವುದಿಲ್ಲ. ಅದು ಬಿಡುವ ವಿಷ ನರದೊಳಗೇ ಸಾಗಿ ಬೆನ್ನುಹುರಿ ಸೇರುತ್ತದೆ. ಮೊದಲು ದವಡೆ ಬಿಗಿಯುತ್ತದೆ, ಆಮೇಲೆ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಕಾಯಿಲೆಗೆ ಹೆಸರು ಬಂದದ್ದೇ ಹಾಗೆ.

ಒಮ್ಮೆ ಧನುರ್ವಾಯು ಬಂದು ಬದುಕಿದವರಿಗೂ ಅದು ಮತ್ತೆ ಬರಬಹುದು! ರೋಗ ತರುವ ವಿಷದ ಪ್ರಮಾಣ ಎಷ್ಟು ಅಲ್ಪವೆಂದರೆ, ದೇಹ ಅದನ್ನು ಎದುರಿಸಲು ಕಲಿಯುವುದೇ ಇಲ್ಲ. ಗುಣವಾದವರಿಗೂ ಲಸಿಕೆ ಬೇಕು.

ಹುಚ್ಚುನಾಯಿ ಕಾಯಿಲೆಯ ವೈರಸ್ಸೂ ಇದೇ ದಾರಿಯದು: ಕಚ್ಚಿದ ಜಾಗದಿಂದ ನರಗುಂಟ ಮೆದುಳಿಗೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ಪಯಣ. ಮುಖ, ಕುತ್ತಿಗೆಗೆ ಕಚ್ಚಿದರೆ ದಾರಿ ಹತ್ತಿರ. ನಮ್ಮ ಕೈಲಿರುವ ಕಾಲ ಅಷ್ಟೇ. ಲಕ್ಷಣ ಕಾಣಿಸಿದ ಮೇಲೆ ಬದುಕುಳಿದವರು ಬೆರಳೆಣಿಕೆಯಷ್ಟು ಮಂದಿ.

ದನಕ್ಕೂ ಈ ಕಾಯಿಲೆ ತಗಲುತ್ತದೆ. ಜೊಲ್ಲು ಸುರಿಸುತ್ತಾ, ನುಂಗಲಾರದೆ ನಿಂತ ಹಸುವಿನ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕುವುದು ಹಳ್ಳಿಗಳಲ್ಲಿ ಸಹಜ. ಕೈ ಹಾಕಬೇಡಿ, ಪಶುವೈದ್ಯರನ್ನು ಕರೆಸಿ. ಹಾಕಿಬಿಟ್ಟಿದ್ದರೆ ಮುಚ್ಚಿಡದೆ ಆಸ್ಪತ್ರೆಯಲ್ಲಿ ಹೇಳಿ.

ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಬರುವ ಈ ಜ್ವರ ಬಿಟ್ಟಿತೆಂದುಕೊಂಡ ಒಂದೆರಡು ವಾರಕ್ಕೆ ಕೆಲವರಲ್ಲಿ ಮರುಕಳಿಸುತ್ತದೆ. ಆಗ ತೀವ್ರ ತಲೆನೋವು, ನಡುಕ, ಮಾತಿನ ಗೊಂದಲ.

ಗದ್ದೆಯ ನೀರಿನ ಸೊಳ್ಳೆ ತರುವ ಜಪಾನಿ ಮೆದುಳು ಜ್ವರಕ್ಕೆ ಮನುಷ್ಯನೇ ಕೊನೆಯ ನಿಲ್ದಾಣ. ವೈರಸ್ ಬೆಳೆಯುವುದು ಹಂದಿ, ಕೊಕ್ಕರೆಗಳಲ್ಲಿ. ರೋಗಿಯನ್ನು ಕಚ್ಚಿದ ಸೊಳ್ಳೆಯಿಂದ ಅದು ಇನ್ನೊಬ್ಬರಿಗೆ ಹರಡದು. ಮನೆಯವರು ರೋಗಿಯಿಂದ ದೂರ ಸರಿಯಬೇಕಿಲ್ಲ.

ಹಂದಿಮಾಂಸ ಮುಟ್ಟದ ಸಸ್ಯಾಹಾರಿಗಳ ಮೆದುಳಲ್ಲೂ ಲಾಡಿಹುಳುವಿನ ಮರಿಕೋಶಗಳು ಕೂರಬಹುದು. ಮಲದಿಂದ ಮಣ್ಣಿಗೆ, ಅಲ್ಲಿಂದ ತೊಳೆಯದ ಸೊಪ್ಪಿಗೆ ಅಂಟಿದ ಮೊಟ್ಟೆಗಳೇ ಕಾರಣ. ನಮ್ಮ ದೇಶದಲ್ಲಿ ಫಿಟ್ಸ್‌ಗೆ ಇದೊಂದು ಮುಖ್ಯ ಕಾರಣ. ಕೈಗೆ ಕಬ್ಬಿಣ ಕೊಟ್ಟು ಕೂರಬೇಡಿ, ಇದಕ್ಕೆ ಔಷಧಿಯಿದೆ.

ನಾಯಿ ಕಚ್ಚಿದರೆ ಅರಿಸಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಹರಿಯುವ ನೀರಿನಡಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಗಾಯ ವಾಸಿಯಾಯಿತೆಂದು ಉಳಿದ ಚುಚ್ಚುಮದ್ದು ತಪ್ಪಿಸಬೇಡಿ.