ಸಂಶೋಧನೆ ನಮ್ಮೂರಿನದ್ದು, ಓದೋಕೆ ಡಾಲರ್ ಯಾಕೆ?

ಕುಡಚಡೆ ಗೋವಾದ ಗಣಿ ಸೀಮೆಯ ಪೇಟೆ. ಅದಿರಿನ ಲಾರಿ, ಕೆಂಪು ಧೂಳು, ಪಕ್ಕದಲ್ಲೇ ಜುವಾರಿ ನದಿ. ಗಣಿಯ ಮಣ್ಣು ಇಳಿದು ಈ ನದಿಗೆ ಏನಾಗುತ್ತಿದೆ ಎಂಬ ಬಗ್ಗೆ ವಿಜ್ಞಾನಿಗಳು ಹಲವು ಪ್ರಬಂಧ ಬರೆದಿದ್ದಾರೆ. ಇಂಥ ಕೆಲಸ ಹೆಚ್ಚಾಗಿ ನಡೆಯುವುದು ಸರ್ಕಾರದ ದುಡ್ಡಲ್ಲಿ. ಆದರೆ ಅಲ್ಲಿನ ಕಾಲೇಜು ಹುಡುಗನೊಬ್ಬ ಮೊಬೈಲಲ್ಲಿ ಅದನ್ನು ಹುಡುಕಿದರೆ ಎಷ್ಟೋ ಸಲ ವಿದೇಶಿ ಪ್ರಕಾಶಕರ ಪುಟ ತೆರೆದುಕೊಂಡು, ಒಂದೇ ಪ್ರಬಂಧಕ್ಕೆ 30-40 ಡಾಲರ್ ಕೇಳುತ್ತದೆ. ಅಂದರೆ ಮೂರು ಸಾವಿರ ರೂಪಾಯಿ ಹತ್ತಿರ. ಹತ್ತು ಪುಟಕ್ಕೆ!

ದಾರಿ ಇದೆ, ಅದೂ ಗೋವಾದಲ್ಲೇ. ದೋನಾಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ತನ್ನ ವಿಜ್ಞಾನಿಗಳ ಪ್ರಬಂಧಗಳನ್ನು ತನ್ನದೇ ಡಿಜಿಟಲ್ ಭಂಡಾರದಲ್ಲಿ ಇಟ್ಟಿದೆ. ಯಾರು ಬೇಕಾದರೂ ಪುಕ್ಕಟೆ ಓದಬಹುದು. ಇದಕ್ಕೆ ಓಪನ್ ಆಕ್ಸೆಸ್ ರೆಪಾಸಿಟರಿ ಅನ್ನುತ್ತಾರೆ. ದೇಶದಲ್ಲಿ ಇದನ್ನು ಮೊದಲು ಶುರು ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, 2002ರಲ್ಲಿ.

ಇದು ಕಳ್ಳ ಪ್ರತಿಯೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಪ್ರಕಾಶಕರು ಅಚ್ಚುಕಟ್ಟಾಗಿ ಜೋಡಿಸಿದ ಪುಟಗಳ ಹಕ್ಕು ಅವರದ್ದು. ಅದಕ್ಕೂ ಮೊದಲು ತಿದ್ದುಪಡಿ ಮುಗಿದು ಒಪ್ಪಿಗೆಯಾದ ಲೇಖಕರ ಪ್ರತಿ ಒಂದಿರುತ್ತದೆ. ಅದನ್ನು ಭಂಡಾರಕ್ಕೆ ಹಾಕಲು ಹೆಚ್ಚಿನ ಪ್ರಕಾಶಕರ ತಕರಾರಿಲ್ಲ, ಕೆಲವರು ಆರು ತಿಂಗಳೋ ವರ್ಷವೋ ಕಾಯಿರಿ ಅನ್ನುತ್ತಾರೆ ಅಷ್ಟೇ. ಒಳಗಿನ ವಿಷಯ ಎರಡರಲ್ಲೂ ಒಂದೇ.

ದೊಡ್ಡ ಸಂಸ್ಥೆಗೆ ಸರಿ, ಸಣ್ಣ ಕಾಲೇಜು ಏನು ಮಾಡಬೇಕು? ಸರ್ವರ್, ಅದನ್ನು ನೋಡಿಕೊಳ್ಳುವ ಜನ, ಪ್ರತಿ ವರ್ಷದ ಖರ್ಚು. ಹತ್ತು ಸಣ್ಣ ವ್ಯಾಪಾರಿಗಳು ಸೇರಿ ಒಂದೇ ಗೋದಾಮು ಬಾಡಿಗೆಗೆ ಹಿಡಿಯುವ ಹಾಗೆ ಇಲ್ಲೂ ಮಾಡಬಹುದು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ 'ಶೋಧಗಂಗಾ' ಅಂಥದ್ದೇ. ಪಿಎಚ್‌ಡಿ ಪ್ರಬಂಧದ ಸಾಫ್ಟ್ ಕಾಪಿ ಕೊಡಲೇಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿತು. ಈಗ ಅಲ್ಲಿ 5 ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿವೆ, ಮಂಗಳೂರು ವಿವಿಯದ್ದೂ ಸೇರಿ. ಬ್ರೆಜಿಲ್‌ನವರು ಪತ್ರಿಕೆಗಳಿಗೇ ಹೀಗೆ ಹಂಚಿಕೆಯ ವೇದಿಕೆ ಕಟ್ಟಿ, 'ಸೈಲೋ' ಎಂದು ಹೆಸರಿಟ್ಟು, 1998ರಲ್ಲೇ ತೆರೆದರು. ಆಮೇಲೆ ಲ್ಯಾಟಿನ್ ಅಮೆರಿಕದ ಬೇರೆ ದೇಶಗಳೂ ಸೇರಿಕೊಂಡವು.

ಕೇಂದ್ರ ಸರ್ಕಾರ 'ಒಂದು ದೇಶ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ. 2025ರಿಂದ ಸರ್ಕಾರಿ ಕಾಲೇಜು, ವಿವಿಗಳ ಮಕ್ಕಳಿಗೆ ಸುಮಾರು 13,000 ಪತ್ರಿಕೆ ಓದಲು ಸಿಗುತ್ತಿದೆ. ಒಳ್ಳೆಯದೇ. ಆದರೆ ಇದು ಬಾಡಿಗೆ ಲೆಕ್ಕ. ಚಂದಾ ನಿಂತ ದಿನ ಬಾಗಿಲು ಮುಚ್ಚಬಹುದು. ಓದು ಮುಗಿಸಿ ಹೊರಬಂದವನಿಗೆ, ನದಿಯ ಬಗ್ಗೆ ತಿಳಿಯಬೇಕೆನ್ನುವ ಮೀನುಗಾರನಿಗೆ ಅದು ದಕ್ಕುವುದಿಲ್ಲ. ಭಂಡಾರ ಇವರಿಗೂ ತೆರೆದಿರುತ್ತದೆ.

ನಿಯಮವೂ ಇದೆ. ಕೇಂದ್ರದ ವಿಜ್ಞಾನ-ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು 2014ರಲ್ಲೇ, ತಮ್ಮ ಅನುದಾನದ ಪ್ರಬಂಧವನ್ನು ಭಂಡಾರಕ್ಕೆ ಹಾಕಬೇಕು ಎಂದಿವೆ. ಹಾಕಬೇಕಾದವರು ಹಾಕಬೇಕು, ಕೇಳುವವರು ಕೇಳಬೇಕು.

ಡಾಲರ್ ಕೇಳುವ ಪುಟ ಬಂದರೆ ಅಲ್ಲಿಗೇ ನಿಲ್ಲಬೇಡಿ. ಗೂಗಲ್ ಸ್ಕಾಲರ್‌ನಲ್ಲಿ ಪ್ರಬಂಧದ ಹೆಸರು ಹಾಕಿ, ಕೆಳಗೆ ಎಲ್ಲ ಆವೃತ್ತಿಗಳನ್ನು ತೋರಿಸುವ ಕೊಂಡಿ ಒತ್ತಿ. ಪುಕ್ಕಟೆ ಪ್ರತಿ ಎಷ್ಟೋ ಸಲ ಅಲ್ಲೇ ಇರುತ್ತದೆ. ಇಲ್ಲದಿದ್ದರೆ ಲೇಖಕರಿಗೆ ಎರಡು ಸಾಲು ಇಮೇಲ್ ಬರೆದು ಕೇಳಿ.